ಬಚ್ಚಲ ಬಾಗಿಲ ಮೇಲಿನ ಮಡಿಸೀರೆ

ಮೊನ್ನೆ ಪಕ್ಕದ ಬಿಡಾರದವರು ನೀರು ಕಾಯಿಸುವ ತಾಮ್ರದ ಬಂಬಿಗೆ ಒದ್ದೆ ಇದ್ದಿಲು ತುಂಬಿದ್ದರು. ಅದರ ಹೊಗೆ ಸೀಗೆಕಾಯಿಯ ವಾಸನೆಯನ್ನೂ ಹೊತ್ತುಕೊಂಡು ನಮ್ಮ ಅಡುಗೆಮನೆಗೆ ನುಗ್ಗಿತು. ಸಾರಿಗೆ ಒಗ್ಗರಣೆ ಹಾಕುತ್ತಿದ್ದವಳು ಸೌಟು ಹಿಡಿದುಕೊಂಡೇ ನಿಂತುಬಿಟ್ಟೆ. ಸಾಸಿವೆ ಸೀದುಹೋಯಿತು. ಕಾಕು ನೆನಪಾಗಿದ್ದರು...

ಧಾರವಾಡದಿಂದ ಪುಣೆಯ ನಾರಾಯಣ ಪೇಟೆಯ, ಒಂದೇ ಅಂಗಳದ ಸುತ್ತ ಹಲವು ಬಿಡಾರಗಳಿರುವ ಈ ವಾಡೆಗೆ ನಾನು ಸೊಸೆಯಾಗಿ ಬಂದಾಗ ನನಗೆ ಹದಿನಾರು. ಕಾಕು ಎಂದರೆ ನಮ್ಮ ಮಾವನವರ ತೀರಿಹೋದ ತಮ್ಮನ ಹೆಂಡತಿ. ಎಳೆಯ ವಯಸ್ಸಿಗೇ ಗಂಡ ಹೋಗಿದ್ದ. ಆಗಿನ ಪದ್ಧತಿಯಂತೆ ತಲೆ ಬೋಳಿಸಿ ಕೆಂಪು ಸೀರೆ ಉಡಿಸಿದ್ದರು. ಅದಾದ ಮೇಲೆ ಯಾವುದೋ ಜ್ವರ ಬಂದು ಎರಡೂ ಕಿವಿ ಹೋಗಿದ್ದವು. ಸೆರಗು ಹುಬ್ಬಿನವರೆಗೆ ಎಳೆದುಕೊಂಡೇ ಇರುತ್ತಿದ್ದರು. ಅವರ ಬರಿದಲೆಯನ್ನು ಮನೆಯಲ್ಲಿ ಯಾರೂ ನೋಡಿರಲಿಲ್ಲ, ನಾನೂ ಸಹ. ಆದರೆ ಅಳುಮೋರೆಯ ಹೆಂಗಸಲ್ಲ. "ಕಿವಿ ಹೋದದ್ದು ಛಲೋ ಆತು ಬಿಡ, ನಿಮ್ಮ ಮಾವನ ಹಾಡು ಕೇಳೂದು ತಪ್ಪಿತು" ಎಂದು ನನ್ನನ್ನು ನಗಿಸುತ್ತಿದ್ದರು. ನಾನು ಕೈಸನ್ನೆಯಲ್ಲಿ ಹೇಳಿದ್ದು ಅವರಿಗೆ ಪೂರ್ತಿ ತಿಳಿಯುತ್ತಿತ್ತು.

ಬಚ್ಚಲು ಅಂಗಳದ ಮೂಲೆಯಲ್ಲಿತ್ತು. ಅದಕ್ಕೆ ಮೊದಲು ಅಗಳಿ ಇತ್ತಂತೆ. ಮಾವನವರೇ ಕೀಳಿಸಿದ್ದರು. "ಆಕಿಗೆ ಕಿವಿ ಕೇಳಸೂದಿಲ್ಲ. ಒಳಗ ಜಾರಿ ಬಿದ್ರ ಬಾಗಿಲಾ ಯಾರು ತಗೀಬೇಕು?" ಎಂಬುದು ಅವರ ಕಾಳಜಿ. ಅಗಳಿ ಹೋದ ಮೇಲೆ ಕೂಗುವ ರೂಢಿ ಬಂತು. ಹೋದವರು ಹೊರಗಿನಿಂದ "ಯಾರದೀರಿ ಒಳಗ?" ಎನ್ನಬೇಕು. ಉತ್ತರ ಬರದಿದ್ದರೆ ಬಚ್ಚಲು ಖಾಲಿ. ಕಾಕುವಿಗೆ ಕೂಗು ಕೇಳುವುದೇ ಇಲ್ಲ ಎಂಬುದು ಯಾರಿಗೂ ಹೊಳೆಯಲಿಲ್ಲ ನೋಡಿ! ಅವರಿಗಾಗಿ ಅಗಳಿ ತೆಗೆಸಿದ ಬುದ್ಧಿ ಅಲ್ಲಿಗೇ ನಿಂತುಹೋಗಿತ್ತು.

ನಾನು ಬಂದ ವರ್ಷವೇ ಒಮ್ಮೆ, ಭೋರ್ ಎಂಬ ಊರಿನಿಂದ ಬಂದಿದ್ದ ಮಾವನವರ ಗೆಳೆಯರು "ಕೋಣ್ ಆಹೆ?" ಎಂದು ಮರಾಠಿಯಲ್ಲಿ ಎರಡು ಸಲ ಕೂಗಿ, ಉತ್ತರವಿಲ್ಲವೆಂದು ಬಾಗಿಲು ತಳ್ಳಿದರು. ಒಳಗೆ ಕಾಕು ತಲೆಯ ಮೇಲೆ ನೀರು ಹೊಯ್ದುಕೊಳ್ಳುತ್ತಿದ್ದರು... ಆ ಮನುಷ್ಯ ನಾಚಿ ಊಟಕ್ಕೂ ನಿಲ್ಲದೆ ಹೊರಟುಹೋದರು. ಕಾಕು ಎರಡು ದಿನ ಗೋಡೆಗೆ ಮುಖ ಮಾಡಿ ಕೂತರು. ಆಮೇಲೆ ಸ್ನಾನಕ್ಕೆ ಹೋಗಲೇ ಹೆದರತೊಡಗಿದರು.

ಉಪಾಯ ಹೊಳೆದದ್ದು ನನಗೆ. ಕಾಕು ಅಡುಗೆ ಮಾಡುತ್ತಿದ್ದುದು ಮಡಿಸೀರೆ ಉಟ್ಟು. ಸ್ನಾನವಾಗದವರು ಅದನ್ನು ಮುಟ್ಟಿದರೆ ಮಡಿ ಕೆಟ್ಟಂತೆ. ಮತ್ತೆ ಸೀರೆ ಒಗೆದು, ಮತ್ತೆ ಮಿಂದು, ಆಮೇಲೆ ಒಲೆ ಹಚ್ಚಬೇಕು. ಅಲ್ಲಿಯವರೆಗೆ ಎಲ್ಲರಿಗೂ ಉಪವಾಸ. ಆ ಸೀರೆಯನ್ನು ಕೋಲಿನಿಂದ ಬಾಗಿಲ ಮೇಲೆ ಹಾಕಿ, ಒಂದು ತುದಿ ಹೊರಗೆ ಇಳಿಬಿಟ್ಟರೆ? ಕಾಕು ನನ್ನ ಕೈ ಹಿಡಿದು, "ಖರೇ ಹೇಳು, ಯಾರೂ ಬಾಗಿಲಾ ಮುಟ್ಟೂದಿಲ್ಲಲ್ಲಾ?" ಎಂದರು. ನಾನು ಅವರ ಅಂಗೈ ಮೇಲೆ ಕೈಯಿಟ್ಟು ಭಾಷೆ ಕೊಟ್ಟೆ. ಮಾರನೆಯ ದಿನದಿಂದಲೇ ಇಡೀ ವಾಡೆ ಆ ಬಾಗಿಲಿಂದ ಮಾರು ದೂರ ಸರಿದು ನಡೆಯತೊಡಗಿತು. ನನ್ನ ಜಾಣತನಕ್ಕೆ ನಾನೇ ಬೀಗಿದೆ.

ಎರಡು ವರ್ಷ ಹೀಗೇ ನಡೆಯಿತು. ಒಂದು ಬೆಳಿಗ್ಗೆ ಒಲೆ ಹಚ್ಚುವ ಹೊತ್ತು ಮೀರಿತು. ಸೀರೆ ಬಾಗಿಲ ಮೇಲೇ ಇತ್ತು. ಕಚೇರಿಗೆ ಹೊತ್ತಾಯಿತೆಂದು ಮಾವನವರೂ ನಮ್ಮವರೂ ಬಂದು ಬಚ್ಚಲ ಮುಂದೆ ನಿಂತರು. ನನಗಿನ್ನೂ ಸ್ನಾನವಾಗಿರಲಿಲ್ಲ. ಸೀರೆ ಸರಿಸಲು ಕೈ ಚಾಚಿದೆ. "ತಡಿ, ಮುಟ್ಟಬ್ಯಾಡ. ಮಡಿ ಕೆಟ್ರ ಪಾಪ ಆಕಿ ಮತ್ತ ಮೀಬೇಕು" ಎಂದರು ಮಾವನವರು. ಕೂಗಿ ಉಪಯೋಗವಿಲ್ಲ, ಬಾಗಿಲು ಬಡಿದೂ ಉಪಯೋಗವಿಲ್ಲ. ಕೊಟ್ಟ ಭಾಷೆಯೂ ನನ್ನನ್ನು ತಡೆಯಿತು. ಒಳಗೆ ತಂಬಿಗೆಯ ಸದ್ದಿಲ್ಲ ಎಂದು ಗೊತ್ತಿದ್ದೂ ನಿಂತೆವು. ಎಷ್ಟು ಹೊತ್ತೋ... ಕೊನೆಗೆ ತಡೆಯಲಾರದೆ ಸೀರೆ ಎಳೆದುಕೊಂಡು ಒಳಗೆ ನುಗ್ಗಿದೆ.

ಕಾಕು ಕಲ್ಲಿನ ಮೇಲೆ ಬಿದ್ದಿದ್ದರು. ಸೊಂಟ ಮುರಿದಿತ್ತು. ಇದ್ದಿಲ ಹೊಗೆ ತುಂಬಿಕೊಂಡಿತ್ತು. ಎಚ್ಚರ ತಪ್ಪಿರಲಿಲ್ಲ, ಬಾಗಿಲ ಕೆಳಗಿನ ಸಂದಿಯತ್ತ ಮುಖ ಮಾಡಿ, ಕಣ್ಣು ಬಿಟ್ಟುಕೊಂಡೇ ಇದ್ದರು. ಮೊದಲು ಅವರ ತಲೆಗೂ ಮೈಗೂ ಸೀರೆ ಹೊದಿಸಿದೆ. ಆಮೇಲೆ ಗಂಡಸರನ್ನು ಕರೆದೆ.

ಒಂಬತ್ತು ದಿನ ಬದುಕಿದ್ದರು. ಹಾಸಿಗೆಯಲ್ಲೇ ಮೈ ಒರೆಸುವಾಗ ಕಣ್ಣು ಮುಚ್ಚಿಕೊಳ್ಳುತ್ತಿದ್ದರು. ಒಂದು ಸಂಜೆ ತಡೆಯಲಾರದೆ ಸನ್ನೆಯಲ್ಲಿ ಕೇಳಿದೆ: ಬಾಯಿತ್ತಲ್ಲ, ಯಾಕೆ ಕೂಗಲಿಲ್ಲ?

"ಸಂದ್ಯಾಗ ನಿಮ್ಮೆಲ್ಲಾರ ಕಾಲು ಕಾಣಸ್ತಿದ್ವು" ಎಂದರು. "ನಿನ್ನ ಕಾಲಷ್ಟ ಇದ್ದಿದ್ರ ಒದರ್ತಿದ್ದೆ, ತಂಗಿ."

ಈಗ ಈ ಮನೆಗೆ ನಾನೇ ಹಿರಿಯಳು. ನಮ್ಮವರಿಗೂ ಗಂಡುಮಕ್ಕಳಿಗೂ ಹೊರಗೆ ಹೋಗಿರಿ ಎಂದರೆ ಮರುಮಾತಿಲ್ಲದೆ ಹೋಗುತ್ತಾರೆ. ಅಂದು ಬೇಕಿದ್ದದ್ದು ಅಷ್ಟೇ ಮಾತು. ಹದಿನೆಂಟರ ಸೊಸೆಗೆ ಮಾವನವರ ಎದುರು ಬಾಯಿ ಬರಲಿಲ್ಲ. ಗಂಡಸರಿಬ್ಬರೂ ನಾಲ್ಕು ಹೆಜ್ಜೆ ಸರಿದಿದ್ದರೆ ಸಾಕಿತ್ತು, ಕಾಕು ನನ್ನನ್ನು ಕರೆಯುತ್ತಿದ್ದರು.