ಶಾಂಭವಿಯ ರಕ್ತ ಹೇಳದ ಮಾತು

ಶನಿವಾರಸಂತೆಯ ಬಸ್ ಸ್ಟ್ಯಾಂಡಿನ ಪಕ್ಕದ ಸಣ್ಣ ಲ್ಯಾಬಿನಲ್ಲಿ ಶಾಂಭವಿ ಇಪ್ಪತ್ತೆರಡು ವರ್ಷಗಳಿಂದ ರಕ್ತಪರೀಕ್ಷೆ ಮಾಡುತ್ತಿದ್ದಳು. ಮೆಷಿನ್ ಕೊಟ್ಟ ಎಣಿಕೆಯ ಮೇಲೆ ಅನುಮಾನ ಬಂದರೆ ಗಾಜಿನ ಮೇಲೆ ಹನಿ ರಕ್ತ ಸವರಿ, ಮೈಕ್ರೋಸ್ಕೋಪಿನ ಮುಂದೆ ಕುಳಿತು ಬಿಳಿ ರಕ್ತಕಣಗಳನ್ನು ತಾನೇ ಎಣಿಸುವಳು. ಮನುಷ್ಯರು ಮುಚ್ಚಿಟ್ಟಿದ್ದನ್ನೂ ರಕ್ತ ಹೇಳಿಬಿಡುತ್ತದೆ ಎಂಬುದು ಅವಳ ನಂಬಿಕೆ.

ವಾರಕ್ಕೊಮ್ಮೆ ಸಂತೆಯ ದಿನ ಬರುತ್ತಿದ್ದ ಕಣ್ಣಿನ ಡಾಕ್ಟರ್ ಅಮೃತಾ ಆ ವರ್ಷ ಒಂದು ಅಧ್ಯಯನ ಕೈಗೆತ್ತಿಕೊಂಡರು. ಮೈಯೊಳಗೆ ಉರಿಯೂತವಿದ್ದರೆ ರಕ್ತದಲ್ಲಿ ಅದರ ಗುರುತು ಸಿಗುತ್ತದೆ. ಸಿಆರ್‌ಪಿ ಎಂಬ ಅಂಶ ಏರುತ್ತದೆ, ಬಿಳಿಕಣಗಳಲ್ಲಿ ಒಂದು ಬಗೆ ಹೆಚ್ಚಿ ಇನ್ನೊಂದು ತಗ್ಗುತ್ತದೆ. ಗ್ಲಾಕೋಮಾದಲ್ಲಿ ಕಣ್ಣಿನಿಂದ ಮೆದುಳಿಗೆ ಹೋಗುವ ನರ ಸಾಮಾನ್ಯವಾಗಿ ನೋವೇ ಇಲ್ಲದೆ ಸವೆಯುತ್ತದೆ; ಹೆಚ್ಚಾಗಿ ಪಕ್ಕದ ನೋಟ ಮೊದಲು ಹೋಗುತ್ತದೆ. ಇವೆರಡಕ್ಕೂ ನಂಟಿದೆಯೇ ಎಂದು ನೋಡಲು ನಲವತ್ತು ರೋಗಿಗಳು, ರೋಗವಿಲ್ಲದ ನಲವತ್ತು ಜನ ಬೇಕಿತ್ತು. ರಕ್ತದ ಕೆಲಸ ಶಾಂಭವಿಗೆ ಬಂತು.

"ಕಾಯ್ಲೆ ಕಣ್ಣಿಗೆ, ಸೂಜಿ ಯಾಕವ್ವ ಕೈಗೆ?" ಎಂದು ಶುಂಠಿ ವ್ಯಾಪಾರದ ಜವರಪ್ಪ ತಕರಾರು ತೆಗೆದ.

"ಕಣ್ಣಿಗೂ ಇದೇ ರಕ್ತ ಅಲ್ವಾ ಹೋಗೋದು, ಜವರಪ್ಪಣ್ಣ?" ಎಂದಳು. ಅವನು ನಕ್ಕು ಕೈ ಚಾಚಿದ.

ರೋಗಿಗಳು ಸಿಕ್ಕರು. ಕಣ್ಣು ಚೆನ್ನಾಗಿರುವವರಿಗೆ ಪರೀಕ್ಷೆಗೆ ಪುರುಸೊತ್ತಿರಲಿಲ್ಲ. ಕೊನೆಗೆ ಒಬ್ಬರು ಕಡಿಮೆಯಾದಾಗ, "ನನ್ನನ್ನೇ ಬರ್ಕೊಳ್ಳಿ ಮೇಡಂ" ಎಂದಳು ಶಾಂಭವಿ. ತನ್ನ ರಕ್ತವನ್ನು ತಾನೇ ಪರೀಕ್ಷಿಸಿದಳು. ಎಲ್ಲವೂ ಸರಿಯಾಗಿತ್ತು.

ಮುಂದಿನ ಶನಿವಾರ ನಿಯಮದಂತೆ ಕಣ್ಣಿನ ಪರೀಕ್ಷೆ. ಅಮೃತಾ ಕಣ್ಣಿನ ಒತ್ತಡ ಅಳೆದರು, ಬೆಳಕು ಬಿಟ್ಟು ನೋಡಿದರು, ಮತ್ತೊಮ್ಮೆ ನೋಡಿದರು. ಆಮೇಲೆ ಒಂದು ಯಂತ್ರದ ಮುಂದೆ ಕೂರಿಸಿ, ಬೆಳಕಿನ ಚುಕ್ಕಿ ಕಂಡಾಗಲೆಲ್ಲ ಬಟನ್ ಒತ್ತಲು ಹೇಳಿದರು. ಬಲಗಣ್ಣಿನದು ಬೇಗ ಮುಗಿಯಿತು. ಎಡಗಣ್ಣಿಗೆ ಬಂದಾಗ ಬಹಳ ಹೊತ್ತು ಚುಕ್ಕಿಯೇ ಬರಲಿಲ್ಲ.

"ಮೇಡಂ, ಮೆಷಿನ್ ನಿಂತೋಗದೆ ಅನ್ಸುತ್ತೆ."

"ನಿಂತಿಲ್ಲ ಶಾಂಭವಿ. ಚುಕ್ಕಿ ಬರ್ತಾನೇ ಇದೆ."

ಅವಳ ಬೆರಳು ಬಟನ್ನಿನ ಮೇಲೆಯೇ ಉಳಿಯಿತು.

"ನನ್ ರಕ್ತದಲ್ಲಿ ಏನೂ ಇಲ್ವಲ್ಲ. ನಾನೇ ಎಣ್ಸಿದೀನಿ."

"ನಿಮ್ಮ ಎಣಿಕೆ ಸರಿಯಾಗೇ ಇದೆ. ನಲವತ್ತು ಜನರ ಸರಾಸರಿಲಿ ವ್ಯತ್ಯಾಸ ಕಂಡ್ರೂ, ಒಬ್ಬರ ರಕ್ತ ನೋಡಿ ಕಣ್ಣು ಚೆನ್ನಾಗಿದೆ ಅನ್ನಕ್ಕಾಗಲ್ಲ. ಗ್ಲಾಕೋಮಾದಲ್ಲಿ ಹೋದ ನೋಟ ಬರಲ್ಲ, ಇರೋದನ್ನ ಉಳಿಸ್ಕೊಳ್ಳೋಣ. ಮನೇಲಿ ಯಾರಿಗಾದ್ರೂ ಹಿಂಗಿತ್ತಾ?"

ಅಪ್ಪ ಕೊನೆಗಾಲದಲ್ಲಿ ಬಾಗಿಲಿನ ಚೌಕಟ್ಟಿಗೆ ಭುಜ ತಾಗಿಸಿಕೊಳ್ಳುತ್ತಿದ್ದ. ವಯಸ್ಸಾಯಿತು ಎಂದು ಮನೆಯವರು ಅಂದುಕೊಂಡಿದ್ದರು. ಪಕ್ಕದಲ್ಲೇ ಇದ್ದ ಲೋಟ ಉರುಳಿಸಿದಾಗ, ನೋಡಿಕೊಂಡು ಕೂರಬಾರದೇ ಎಂದು ಅವಳೇ ಗದರಿದ್ದಳು. ಅವಳು ಅದನ್ನು ಹೇಳಿದಾಗ, ಒಡಹುಟ್ಟಿದವರೂ ಕಣ್ಣು ತೋರಿಸಿಕೊಳ್ಳಬೇಕು ಎಂದರು ಅಮೃತಾ.

ಸಂಜೆ ಸಂಜೆ ಕಣ್ಣಿಗೆ ಹನಿ ಹಾಕುವುದು ಶುರುವಾಯಿತು. ಅಧ್ಯಯನದಿಂದ ಅವಳನ್ನು ಕೈಬಿಡಬಹುದು ಎಂದರು ಅಮೃತಾ. ಶಾಂಭವಿ ಒಪ್ಪಲಿಲ್ಲ. "ರೋಗಿಗಳ ಕಡೆ ಹಾಕಿ. ನಾವಂದ್ಕೊಂಡಿದ್ದಕ್ಕೆ ಹೊಂದಲ್ಲ ಅಂತ ನನ್ ರಿಪೋರ್ಟ್ ಬಿಟ್ರೆ ಹೆಂಗೆ?" ಅವಳನ್ನು ಸೇರಿಸಿ ರೋಗಿಗಳು ನಲವತ್ತೊಂದಾದರು. ಅವರ ಸಿಆರ್‌ಪಿ ಸರಾಸರಿ ಆಗಲೂ ರೋಗವಿಲ್ಲದವರದಕ್ಕಿಂತ ತುಸು ಮೇಲೆಯೇ ಇತ್ತು. ನಂಟು ಇರಬಹುದು, ಇನ್ನೂ ಹೆಚ್ಚು ಜನರಲ್ಲಿ ನೋಡಬೇಕು ಎಂದು ಅಮೃತಾ ಬರೆದರು.

ಅಷ್ಟರಲ್ಲಿ ಶಾಂಭವಿ ಮಾದಾಪುರದ ಎಸ್ಟೇಟಿನಲ್ಲಿ ಲೆಕ್ಕ ಬರೆಯುವ ರೈಟರಾಗಿದ್ದ ತಮ್ಮ ಪ್ರಸಾದನಿಗೆ ಫೋನ್ ಮಾಡಿದ್ದಳು.

"ನಂಗೇನಾಗದೆ ಅಕ್ಕ? ದೂರದ ಬಸ್ ಬೋರ್ಡ್ ಓದ್ತೀನಿ."

"ನಾನೂ ಓದ್ತೀನಿ ಕಣೋ. ಶನಿವಾರ ಬಾ."

ಅವನು ಬಂದ. ಕಣ್ಣಿನ ಒತ್ತಡ ಹೆಚ್ಚಿತ್ತು, ನರಕ್ಕೆ ಇನ್ನೂ ಪೆಟ್ಟು ಬಿದ್ದಿರಲಿಲ್ಲ. ಅಮೃತಾ ಅವನಿಗೂ ಹನಿ ಬರೆದುಕೊಟ್ಟು, ಮತ್ತೆ ಬರಬೇಕಾದ ದಿನ ಹೇಳಿದರು. ಪ್ರಸಾದ ಹೊರಗೆ ನಿಂತು ಆ ತಾರೀಖನ್ನು ಮೊಬೈಲಿನಲ್ಲಿ ಹಾಕಿಕೊಂಡ. ಶಾಂಭವಿ ಮೊಬೈಲ್ ಇಸಿದುಕೊಂಡು, ತಾರೀಖು ಸರಿಯಾಗಿದೆಯೇ ಎಂದು ನೋಡಿಯೇ ವಾಪಸ್ ಕೊಟ್ಟಳು.