ಅಜ್ಜಿಯ ಬೆರಳು ದಾಟಿದ ಹುಡುಗಿ

ನ್ಯೂಜೆರ್ಸಿಯ ನಮ್ಮೂರ ಲೈಬ್ರರಿಯಲ್ಲಿ ಇವತ್ತು ಇಲ್ಲಿನ ಕಪ್ಪು ಜನರ ಹಳೆಯ ಫೋಟೋಗಳ ಜೊತೆ ಅವರ ನೆನಪುಗಳನ್ನೂ ರೆಕಾರ್ಡ್ ಮಾಡುತ್ತಿದ್ದೆವು. ಹಿರಿಯರಾದ ಮಿಸ್ ಲೊರೆಟಾ ಒಂದೊಂದು ಮುಖಕ್ಕೂ ಬೆರಳಿಟ್ಟು ಹೆಸರು ಹೇಳುತ್ತಿದ್ದರು.

ನಮ್ಮಜ್ಜಿಯೂ ಗೋಡೆಯ ಗ್ರೂಪ್ ಫೋಟೋ ಮೇಲೆ ಹೀಗೇ ಬೆರಳಾಡಿಸುತ್ತಿದ್ದಳು, ಪ್ರಾಸದ ಸಮೇತ: “ಕೋಟಿನ ಕಿಟ್ಟ, ಕೋಪದ ಪುಟ್ಟ, ಎಲೆ ಬಿಟ್ಟೇಳದ ವೆಂಕಟಭಟ್ಟ!” ಮೂಲೆಯ ಎರಡು ಜಡೆಯ ಹುಡುಗಿ ಬಂದಾಗ ಮಾತ್ರ ಪ್ರಾಸ ನಿಂತು, ಬೆರಳು ದಾಟಿಬಿಡುತ್ತಿತ್ತು.

“ಇವಳ್ಯಾರಜ್ಜಿ?”

“ನನ್ನ ಮಗಳು. ಹೋದ ಮಗೂ ಹೆಸರೆತ್ತಬಾರದು ಕಣೋ. ಏಳು, ಕೈ ತೊಳ್ಕೋ.”

ಲೊರೆಟಾ ಅವರ ಬೆರಳೂ ಒಂದು ಪುಟ್ಟ ಹುಡುಗಿಯ ಮೇಲೆ ನಿಂತಿತು. ಸ್ಕಿಪ್ ಮಾಡೋಣವೇ ಎಂದು ಕೇಳಿದೆ.

“ನೋ, ಹನಿ,” ಎಂದು ಕಣ್ಣೊರೆಸಿಕೊಂಡರು. “ರೂಬಿ. ನನ್ನ ತಂಗಿ ರೂಬಿ.”

ಎರಡು ಜಡೆಯ ನನ್ನ ಆ ಸೋದರತ್ತೆಯ ಹೆಸರು ಬಲ್ಲವರು ಈಗ ಯಾರೂ ಉಳಿದಿಲ್ಲ.