ಪಡುವಣಕ್ಕೆ ಮುಖ ಮಾಡಿ ಮಲಗಿದ ಅಪ್ಪ

ಈಸ್ಟರಿನ ಹಿಂದಿನ ಶ್ರಮೆಯ ವಾರದ ಗುರುವಾರ ಮಧ್ಯಾಹ್ನ ಹುಬ್ಬಳ್ಳಿಯಲ್ಲಿ ಶಿಗ್ಗಾಂವಿಯ ಬಸ್ಸು ಹತ್ತಿದೆವು. ಟಿಕೀಟು ತಲೆಗೆ ಒಂದೂಕಾಲು ರೂಪಾಯಿ. ಅವ್ವ ಕಿಟಕಿಯ ಪಕ್ಕ ಕುಳಿತು ಮೇಣದ ಬತ್ತಿಗಳ ಗಂಟನ್ನು ಮಡಿಲಲ್ಲಿ ಇಟ್ಟುಕೊಂಡಳು. ಬಿಸಿಲಿಗೆ ಬತ್ತಿ ಮೆತ್ತಗಾದೀತೆಂದು ಅದಕ್ಕೆ ಒದ್ದೆ ಬಟ್ಟೆ ಸುತ್ತಿದ್ದಳು. ಅದರ ನೀರು ನನ್ನ ಸೀರೆಗೂ ಇಳಿಯಿತು. ಹೇಳಿದರೆ, "ತಂಪ ಆಗ್ತೇತಿ, ಸುಮ್ನ ಕುಂದ್ರು" ಎಂದಳು. ಊರ ಮಕ್ಕಳನ್ನೆಲ್ಲ ಹೆದರಿಸುವ ಮಾಸ್ತರಬಾಯಿ ನಾನು. ಅವ್ವನ ಮುಂದೆ ಮಾತ್ರ ಇನ್ನೂ ಒಂದನೆಯ ಇಯತ್ತೆಯವಳು.

ನಮ್ಮ ಸಭೆಯಲ್ಲಿ ಒಂದು ಪದ್ಧತಿ ಇದೆ. ಈಸ್ಟರ್ ದಿನ ನಸುಕಿನಲ್ಲಿಯೇ ಎಲ್ಲರೂ ಮೇಣದ ಬತ್ತಿ ಹಿಡಿದು ಸ್ಮಶಾನಕ್ಕೆ ಹೋಗುತ್ತೇವೆ. ಒಂದೊಂದು ಮನೆಯವರೂ ತಮ್ಮ ತಮ್ಮವರ ಸಮಾಧಿಯ ಮೇಲೆ ಬತ್ತಿ ಹಚ್ಚಿ, ಹೊತ್ತು ಹುಟ್ಟುವುದನ್ನು ಕಾಯುತ್ತಾರೆ. ಅಲ್ಲಿ ಎಲ್ಲರೂ ಮೂಡಣಕ್ಕೆ ಕಾಲು ಮಾಡಿ ಮಲಗಿದ್ದಾರೆ. ಎಬ್ಬಿಸುವವನು ಬಂದ ದಿನ ಎದ್ದು ಕುಳಿತರೆ ಬೆಳಕು ನೇರ ಮುಖಕ್ಕೆ ಬೀಳಬೇಕೆಂದು ಹಾಗೆ. ಪಾದ್ರಿ ಅಯ್ಯನವರು "ಕ್ರಿಸ್ತನು ಎದ್ದಿದ್ದಾನೆ" ಎನ್ನುತ್ತಾರೆ, ನಾವು "ನಿಜವಾಗಿಯೂ ಎದ್ದಿದ್ದಾನೆ" ಎನ್ನುತ್ತೇವೆ. ನಮ್ಮ ಮನೆಯವರಿಗೆ ಮಾತ್ರ ಅಲ್ಲಿ ಸಮಾಧಿ ಇರಲಿಲ್ಲ. ಅವ್ವ ಬತ್ತಿ ಹಿಡಿದು ಗೋಡೆಯ ಬದಿಗೆ ನಿಲ್ಲುತ್ತಿದ್ದಳು, ಕರೆಯದೆ ಮದುವೆಗೆ ಬಂದವಳ ಹಾಗೆ.

ನಮ್ಮಪ್ಪ ಸಂತೆಯಿಂದ ಸಂತೆಗೆ ತಿರುಗಿ ಸುವಾರ್ತೆಯ ಪುಸ್ತಕ ಮಾರುತ್ತಿದ್ದರು. ನಾನು ಚಿಕ್ಕವಳಿದ್ದಾಗ ಒಂದು ಮಳೆಗಾಲ ತಿಳವಳ್ಳಿಯ ಸೀಮೆಯಲ್ಲಿ ಜ್ವರ ಬಂದು ತೀರಿಕೊಂಡರು. ಹಳ್ಳಗಳು ತುಂಬಿ ದಾರಿ ಕಟ್ಟಿದ್ದವು. ಸುದ್ದಿ ಬಾಯಿಂದ ಬಾಯಿಗೆ ಹಾದು ನಮಗೆ ತಲುಪುವಷ್ಟರಲ್ಲಿ ಎಲ್ಲ ಮುಗಿದಿತ್ತು. ಯಾವ ಹಳ್ಳಿ, ಯಾರ ಹೊಲ, ಯಾರು ಮಣ್ಣು ಕೊಟ್ಟರು, ಒಂದೂ ತಿಳಿಯಲಿಲ್ಲ. ಮಕ್ಕಳನ್ನು ಕಟ್ಟಿಕೊಂಡ ಅವ್ವನಿಗೆ ಹುಡುಕಿಕೊಂಡು ಹೋಗುವ ದಾರಿಯೂ ಇರಲಿಲ್ಲ. ಕಳೆದ ದೀಪಾವಳಿಯ ಹೊತ್ತಿಗೆ ಅವ್ವ ಹುಬ್ಬಳ್ಳಿಯ ಪೇಟೆಯಲ್ಲಿ ಸವಣೂರ ವೀಳ್ಯದೆಲೆ ಮಾರುವವನೊಬ್ಬನ ಜೊತೆ ಎಂದಿನಂತೆ ಜಗಳ ತೆಗೆದು, ನಿನಗಿಂತ ಒಳ್ಳೆಯ ಎಲೆಯನ್ನು ನನ್ನ ಗಂಡ ತರುತ್ತಿದ್ದ, ಪುಸ್ತಕ ಮಾರಲು ಸವಣೂರಿಗೆ ಹೋದಾಗ ತರುತ್ತಿದ್ದ ಎಂದಳಂತೆ. ಅವನು ಕೈಯಲ್ಲಿದ್ದ ಎಲೆಕಟ್ಟು ಕೆಳಗಿಟ್ಟು, "ನಮ್ಮಪ್ಪ ಒಬ್ಬ ಹುಬ್ಬಳ್ಳಿ ಪುಸ್ತಕದ ಮಾಸ್ತರಗ ಮಣ್ಣ ಕೊಟ್ಟಿದ್ನಂತ್ರಿ" ಅಂದ. ಅವನ ಅಪ್ಪ ಹುಸೇನಸಾಬರು ಇನ್ನೂ ಇದ್ದರು. ಈಗ ನಾವು ಹೊರಟದ್ದು ಮೊದಲು ಅವರನ್ನು ಕಾಣಲು, ಆಮೇಲೆ ಈಸ್ಟರಿನ ಹೊತ್ತಿಗೆ ಸಮಾಧಿ ಸೇರಲು.

ಶಿಗ್ಗಾಂವಿಯಲ್ಲಿ ನನ್ನ ಜೊತೆ ಕಲಿತ ಗೆಳತಿಯೊಬ್ಬಳ ಮನೆಯಲ್ಲಿ ರಾತ್ರಿ ಕಳೆದು, ಶುಕ್ರವಾರ ಸವಣೂರಿಗೆ ಹೋದೆವು. ಹನ್ನೆರಡು ಮೈಲಿ ಇರಬಹುದು. ದಾರಿಯುದ್ದಕ್ಕೂ ಕೊಯ್ದು ಬರಿದಾದ ಎರೆಹೊಲ, ನಡುನಡುವೆ ಹೊಸ ಚಿಗುರಿನ ಬೇವು. ಎಲೆಯಿಲ್ಲದ ಮುತ್ತುಗದ ಗಿಡಗಳು ಕೆಂಪಗೆ ಹೂ ಬಿಟ್ಟು ನಿಂತಿದ್ದವು. ಅವ್ವನದು ಅಂದು ಶುಭ ಶುಕ್ರವಾರದ ಉಪವಾಸ, ನೀರು ಸಹ ಇಲ್ಲ. ಪಕ್ಕದಲ್ಲಿ ಕುಳಿತ ಹೆಂಗಸು ಕೊಟ್ಟ ಸೌತೆಕಾಯಿಯನ್ನು ಅವಳು ಬೇಡವೆಂದಳು, ನಾನು ತಿಂದೆ. "ತಿನ್ನ ತಿನ್ನ, ನಿನ್ನ ಪಾಲಿಂದೂ ನಾನ ಹಸದೇನಿ" ಎಂದಳು.

ಹುಸೇನಸಾಬರ ಮನೆ ಎಲೆಬಳ್ಳಿಯ ತೋಟಕ್ಕೆ ಹತ್ತಿತ್ತು. ನಾವು ಹೋದಾಗ ಅವರು ಮಸೀದಿಯಿಂದ ಆಗಷ್ಟೇ ಬಂದಿದ್ದರು. ಎಪ್ಪತ್ತು ದಾಟಿದ ಮನುಷ್ಯ, ಬಿಳಿ ಗಡ್ಡ, ನಡೆಯಲು ಕೋಲು. ಮಗ ಮೊದಲೇ ಹೇಳಿಟ್ಟಿದ್ದನೆಂದು ಕಾಣುತ್ತದೆ, ಅವ್ವನನ್ನು ನೋಡಿದವರೇ ಕೋಲು ಗೋಡೆಗೆ ಒರಗಿಸಿ ಎರಡೂ ಕೈ ಜೋಡಿಸಿದರು. ಸೊಸೆ ಚಹಾ ತಂದಳು. ಅವ್ವನ ಉಪವಾಸದ ಮಾತು ಕೇಳಿ, "ರೋಜಾ ಅದಾರೇನು, ಹಂಗಾರ ಒತ್ತಾಯ ಮಾಡಬ್ಯಾಡವಾ" ಎಂದು ಮುದುಕರೇ ಅವಳನ್ನು ತಡೆದರು.

"ನಾವಿಬ್ರೂ ಒಂದ ಚಕ್ಕಡ್ಯಾಗ ತಿಳವಳ್ಳಿ ಸಂತಿಗೆ ಹೋಗ್ತಿದ್ವಿರಿ" ಎಂದು ಅವರು ಶುರು ಮಾಡಿದರು. "ನನ್ನ ಎಲಿ, ಅವರ ಪುಸ್ತಕ. ಮಳ್ಯಾಗ ತೋಯಿಸಿಕೊಂಡು ಜ್ವರಾ ಬಂತು. ಒಬ್ಬ ರೈತನ ಮನ್ಯಾಗ ಮಲಗಿಸಿದ್ವಿ, ಉಳೀಲಿಲ್ಲ. ಆ ಮನಿ ಮಂದಿ ಲಿಂಗಾಯತ್ರು. ಅವರು ಹೆಣಾ ಕುಂದರಿಸಿ ಮಣ್ಣ ಕೊಡಾವ್ರು. ಈ ಮಾಸ್ತರಗ ಹೆಂಗ ಮಾಡೂದಂತ ಅವರಿಗೂ ತಿಳೀಲಿಲ್ಲ, ನನಗೂ ತಿಳೀಲಿಲ್ಲ. ಕಡೀಕ ನಾನ ಅಂದ್ನಿ, ಇವರೂ ಕಿತಾಬಿನಾವ್ರು, ನಾವೂ ಕಿತಾಬಿನಾವ್ರು, ನಮ್ಮ ಪದ್ಧತಿ ಪರಕಾರ ಮಾಡೂಣಂತ. ಮೈ ತೊಳದು, ಬಿಳಿ ಅರಿವಿ ಸುತ್ತಿ, ತಲಿ ಬಡಗಣಕ್ಕ ಮಾಡಿ, ಮಾರಿ ನಮಾಜಿನ ದಿಕ್ಕಿಗೆ, ಪಡುವಣಕ್ಕ ಹೊಳ್ಳಿಸಿ ಮಲಗಿಸಿದ್ನಿ. ಸ್ವಂತ ಅಣ್ಣಗ ಮಾಡಿಧಂಗ ಮಾಡೇನ್ರಿ, ಬಾಯಾರ."

ಅವ್ವ ಕೇಳಿದ್ದು ಒಂದೇ ಮಾತು: "ಪಡುವಣಕ್ಕ ಮಾರಿ ಮಾಡೀರಿ?" ಅವರು ಹೌದೆಂದು ತಲೆಯಾಡಿಸಿದರು. ಹೇಳಬಾರದ್ದೇನೋ ಹೇಳಿದೆನೆಂಬ ಅಳುಕು ಅವರ ಕಣ್ಣಲ್ಲಿ ಬಂತು. ರೈತನ ಹೆಸರು, ಹಳ್ಳಿಯ ಗುರುತು ಹೇಳಿದರು, ಒಂದು ಕಟ್ಟು ಎಲೆ ಕೊಟ್ಟರು. ಅವ್ವ ಅದನ್ನು ಇಸಕೊಂಡಳು, ಆದರೆ ಎಲೆಯ ಬಗ್ಗೆ ಒಂದು ಕೊಂಕೂ ತೆಗೆಯಲಿಲ್ಲ. ಆಗಲೇ ನನಗೆ ಹೆದರಿಕೆ ಹತ್ತಿತು.

ಬಂಕಾಪುರದ ಮೇಲಿಂದ ಹಾನಗಲ್ಲಿಗೆ ಹೋಗುವ ಸಂಜೆಯ ಬಸ್ಸಿನಲ್ಲಿ ಅವಳು ಬಾಯಿ ಬಿಟ್ಟಳು. "ತೆಗಿಸಿ, ಹೊಳ್ಳಿಸಿ ಮಲಗಿಸೂಣ."

"ಅವ್ವಾ, ಇಷ್ಟ ವರ್ಷದ ಮ್ಯಾಲ ಮಣ್ಣ ಕೆದರೂದೇನು?"

"ಎಲ್ಲಾರೂ ಬೆಳಕಿಗೆ ಮಾರಿ ಮಾಡಿ ಏಳತಾರ. ನಿಮ್ಮಪ್ಪ ಒಬ್ರು ಬೆನ್ನ ಮಾಡಿ ಏಳಬೇಕೇನು? ಹುಡಿಕ್ಯಾಡಿ ಸಿಕ್ಕಮ್ಯಾಲೂ ಹಂಗ ಬಿಟ್ಟ ಬರ್ಲೇನು?"

ಎಲುಬುಗಳಿಗೆ ದಿಕ್ಕಿಲ್ಲ, ದೇವರಿಗೆ ಎಲ್ಲ ದಿಕ್ಕೂ ಒಂದೇ ಎಂದು ಪಾಠ ಹೇಳಿದಂತೆ ಹೇಳಿದೆ. ಅವ್ವ ಕಿಟಕಿಯ ಕಡೆ ತಿರುಗಿ ಕುಳಿತಳು. ಅಗೆದರೆ ಏನು ಕಾಣಿಸುತ್ತದೆಯೋ, ಅದನ್ನು ಕಂಡು ಅವಳು ತಾಳುತ್ತಾಳೋ ಇಲ್ಲವೋ, ಅದೇ ನನ್ನ ಚಿಂತೆ. ಹಾನಗಲ್ಲಿನಲ್ಲಿ ಖಾನಾವಳಿಯ ಮೇಲಿನ ಕೋಣೆ ಸಿಕ್ಕಿತು. ಅವ್ವ ಎರಡು ತುತ್ತು ಅನ್ನ ಉಂಡು ಮಲಗಿದಳು. ಹೋಳಿಯ ಹಲಗೆ ಬಾರಿಸುತ್ತಿದ್ದುದರಿಂದ ನನಗಂತೂ ನಿದ್ದೆ ಸರಿಯಾಗಿ ಹತ್ತಲಿಲ್ಲ.

ಶನಿವಾರ ಬೆಳಿಗ್ಗೆ ಅಕ್ಕಿಆಲೂರಿನ ಬಸ್ಸು ಹತ್ತಿದೆವು. ಅಲ್ಲಿ ಅಕ್ಕಿ ಗಿರಣಿಯ ಮುಂದೆ ಬಸ್ಸು ಬದಲಿಸಿ ತಿಳವಳ್ಳಿ ಸೇರುವ ಹೊತ್ತಿಗೆ ಬಿಸಿಲು ನೆತ್ತಿಗೇರಿತ್ತು. ಸವಣೂರಿನ ಕಡೆಯ ಕರಿ ಮಣ್ಣು ಹೋಗಿ ಇಲ್ಲಿ ಕೆಂಪು ನೆಲ, ಕೆರೆ, ಗದ್ದೆ. ಅಲ್ಲಿಂದ ಹಿರೇಕೆರೂರಿನ ದಾರಿ ಹಿಡಿದು ಒಂದು ಚಕ್ಕಡಿಯಲ್ಲಿ ಆ ಹಳ್ಳಿಗೆ ಹೋದೆವು. ಚಕ್ಕಡಿಯವನು ಬಾಡಿಗೆ ಕೇಳಲಿಲ್ಲ, ಅವ್ವನ ಎಲೆಕಟ್ಟಿನಿಂದ ಹತ್ತು ಎಲೆ ತೆಗೆದುಕೊಂಡ.

ರೈತನ ಹೆಸರು ಬಸವಣ್ಣೆಪ್ಪ. ಅಪ್ಪ ತೀರಿಕೊಂಡದ್ದು ಅವನ ಮನೆಯಲ್ಲೇ, ಅವನ ತಂದೆಯ ಕಾಲದಲ್ಲಿ. ಹೆಂಡತಿ ನೀರು ಬೆಲ್ಲ ತಂದಿಟ್ಟಳು. ದಣಿವಾರಿಸಿಕೊಂಡ ಮೇಲೆ ಅವನು ನಮ್ಮನ್ನು ಕೆರೆಯ ಮೂಡಣ ದಂಡೆಗೆ ಕರೆದುಕೊಂಡು ಹೋದ. ಹೊಲದ ಅಂಚಿನಲ್ಲಿ ಕಲ್ಲು ಕಟ್ಟಿದ ಒಂದು ಉದ್ದನೆಯ ದಿಬ್ಬ. ಅದರ ಮೇಲೆ ಹುಲ್ಲು ಬೆಳೆಯಲು ಬಿಟ್ಟಿರಲಿಲ್ಲ, ಸುಣ್ಣ ಹಚ್ಚಿದ ಗುರುತಿತ್ತು. ನೇಗಿಲು ಅದರ ಹತ್ತಿರ ಬಂದು ಸುತ್ತು ಹಾಕಿ ಹೋಗಿರುವುದು ಸಾಲುಗಳಲ್ಲಿ ಕಾಣುತ್ತಿತ್ತು.

"ವರ್ಷಾ ಹೊಲಾ ಹೂಡು ಮೊದಲ ಇಲ್ಲೆ ಒಂದ ತಂಬಿಗಿ ನೀರ ಹಾಕ್ತೇವ್ರಿ" ಎಂದ ಬಸವಣ್ಣೆಪ್ಪ. "ನಮ್ಮವ್ವ ಸಾಯೂತನಕ ಹಾಕಿದ್ಲು. ಪರದೇಶಿ ಅಂತ ಬಿಡಬ್ಯಾಡ್ರಿ ಅಂದಿದ್ಲು."

ಅವ್ವ ಕುಳಿತು ಎರಡೂ ಅಂಗೈಯನ್ನು ಕಲ್ಲಿನ ಮೇಲೆ ಇಟ್ಟಳು. ಬಿಸಿಲಿಗೆ ಕಾದ ಕಲ್ಲು, ಆದರೂ ಕೈ ತೆಗೆಯಲಿಲ್ಲ. ಅವಳು ಅಳುವುದನ್ನು ನಾನು ಆ ದಿನ ನೋಡಿದೆ, ನನಗೂ ತಡೆಯಲಾಗಲಿಲ್ಲ. ಆಮೇಲೆ ಸೆರಗಿನಿಂದ ಮುಖ ಒರೆಸಿಕೊಂಡು, "ತಮ್ಮಾ, ನಾಳೆ ಮುಂಜಾನಿ ಎರಡ ಸಲಿಕಿ, ಇಬ್ರ ಆಳ ಬೇಕು" ಎಂದಳು. ಯಾಕೆಂದು ಹೇಳಿದಳು. ಬಸವಣ್ಣೆಪ್ಪ ನನ್ನ ಮುಖ ನೋಡಿದ, ನಾನು ನೆಲ ನೋಡಿದೆ.

"ನಿಮ್ಮಾವ್ರು, ನಿಮ್ಮ ಇಚ್ಛಾ. ನಾ ಬ್ಯಾಡ ಅನ್ನಾಂವ ಯಾರ್ರಿ?" ಎಂದ ಅವನು. "ಆದ್ರ ಹುಸೇನಸಾಬ ಕುಣಿ ತಾನ ಇಳದು ಮಲಗಿಸಿದ್ದರಿ. ಮ್ಯಾಲೆ ಬರಾಕ ಆಗದ ನಮ್ಮಪ್ಪ ಕೈ ಕೊಟ್ಟ ಎಳದಿದ್ದ" ಎಂದ. ಆ ರಾತ್ರಿ ಅವನ ಮನೆಯಲ್ಲೇ ಮಲಗಿದೆವು.

ಈಸ್ಟರಿನ ನಸುಕಿನಲ್ಲಿ ಅವ್ವನೇ ನನ್ನನ್ನು ಎಬ್ಬಿಸಿದಳು. ಊರ ನಡುವೆ ರಾತ್ರಿ ಸುಟ್ಟ ಕಾಮಣ್ಣನ ಬೂದಿ ಇನ್ನೂ ಹೊಗೆಯಾಡುತ್ತಿತ್ತು. ಜನ ಆ ಕೆಂಡವನ್ನು ಕುಳ್ಳಿನ ಮೇಲೆ ಇಟ್ಟುಕೊಂಡು ಒಲೆ ಹೊತ್ತಿಸಲು ಮನೆಗೆ ಒಯ್ಯುತ್ತಿದ್ದರು. ಬಸವಣ್ಣೆಪ್ಪ ಸಲಿಕೆ ಹೊತ್ತು, ಆಳುಗಳೊಡನೆ ನಮ್ಮ ಹಿಂದೆ ಬಂದ. ಅಂದು ಕ್ರಿಸ್ತನ ಸಮಾಧಿಗೆ ಹೋದ ಆ ಹೆಂಗಸರೂ ಹೀಗೇ ಕತ್ತಲಲ್ಲಿ, ಕಲ್ಲು ಯಾರು ಉರುಳಿಸುತ್ತಾರೆ ಎಂದು ಮಾತಾಡಿಕೊಳ್ಳುತ್ತ ಹೋಗಿದ್ದರು. ನಾನು ಮಾತ್ರ, ಕಲ್ಲು ಇದ್ದಲ್ಲೇ ಇರಲಪ್ಪ ಎಂದು ಬೇಡಿಕೊಳ್ಳುತ್ತ ನಡೆದೆ.

ಅವ್ವ ಬತ್ತಿಗಳನ್ನು ಸಾಲಾಗಿ ಹಚ್ಚಿದಳು. ಗಾಳಿ ಇರಲಿಲ್ಲ. ಸಲಿಕೆಯವರನ್ನು ಕರೆಯುತ್ತಾಳೆಂದು ನಾನು ಕಾಯುತ್ತಿದ್ದೆ. ಅವಳು ಮೂಡಣಕ್ಕೆ ಬೆನ್ನು ಹಾಕಿ, ಅಪ್ಪನ ಪಕ್ಕ, ಅಪ್ಪ ನೋಡುವ ಕಡೆಗೇ ಮುಖ ಮಾಡಿ ಕುಳಿತಳು. "ಏನ ಕಾಣಸ್ತೇತಿ ನೋಡ್ತೇನಿ ತಡಿ" ಎಂದಳು. ನಾನೂ ಕುಳಿತೆ.

ಮುಂದೆ ಕೆರೆ, ಕೆರೆಯ ಆಚೆ ಊರು, ಊರಿನ ಹಿಂದೆ ಒಂದು ಗುಡ್ಡ. ಹುಣ್ಣಿಮೆಯ ಚಂದ್ರ ಗುಡ್ಡದ ಮೇಲೆ ಮಾಸುತ್ತಿದ್ದ. ಮೊದಲು ಗುಡ್ಡದ ತಲೆ ಕೆಂಪಗಾಯಿತು. ಆ ಬೆಳಕು ಮೆಲ್ಲಗೆ ಕೆಳಗಿಳಿದು ತೆಂಗಿನ ಗರಿಗಳಿಗೆ ಬಂತು, ಹಂಚಿಗೆ ಬಂತು, ಗೋಡೆಗೆ ಬಂತು. ಆಮೇಲೆ ನೀರಿಗಿಳಿದು, ಕೆರೆ ದಾಟಿ, ನಮ್ಮ ಕಡೆಗೇ ನಡೆದು ಬಂತು. ವರ್ಷವರ್ಷವೂ ಹೊತ್ತು ಹುಟ್ಟುವುದನ್ನೇ ದಿಟ್ಟಿಸಿ ನಿಲ್ಲುವ ನನಗೆ, ಬೆಳಕು ಹೀಗೆ ಎದುರಿನಿಂದ ಬರುವುದು ಗೊತ್ತೇ ಇರಲಿಲ್ಲ. ಬೆನ್ನು ಬೆಚ್ಚಗಾದಾಗ ಸೂರ್ಯ ಹುಟ್ಟಿದ್ದು ತಿಳಿಯಿತು.

ಅವ್ವ ನಕ್ಕಳು. "ಇವರು ಒಂದ ದಿನಾನೂ ಮೂಡಣಕ್ಕ ಮಾರಿ ಮಾಡಿ ಎದ್ದಾವ್ರಲ್ಲ. ಗ್ವಾಡಿ ಕಡೆ ಹೊಳ್ಳಿ ಮಲಗತಿದ್ರು. ನಾ ಹಿಂದ ನಿಂತು ಕರದಮ್ಯಾಲ ಹೊಳ್ಳತಿದ್ರು." ವಾಲಿದ ಬತ್ತಿಯೊಂದನ್ನು ನೆಟ್ಟಗೆ ಮಾಡುತ್ತ, "ಮಗ್ದಲದ ಮರಿಯಾನೂ ಅವತ್ತ ಸಮಾಧಿ ಮುಂದ ಕ್ರಿಸ್ತಗ ಬೆನ್ನ ಮಾಡ್ಕೊಂಡ ಅಳಕೋಂತ ನಿಂತಿದ್ಲಲ್ಲ. ಹೆಸರ ಹಿಡದು ಕರದಮ್ಯಾಲ ಹೊಳ್ಳಿದ್ಲು. ಕರಿಯಾಂವಗ ಹೆಸರ ಗೊತ್ತಿದ್ರ ಸಾಕು" ಎಂದಳು.

ಆಮೇಲೆ ಅವಳ ಬಾಯಿಂದ ಬಂದದ್ದನ್ನು ನಾನು ಹುಟ್ಟಿದಾಗಿನಿಂದ ಕೇಳಿರಲಿಲ್ಲ. ಗಂಡನ ಹೆಸರು ಹೇಳುವ ರೂಢಿ ನಮ್ಮ ಹೆಂಗಸರಲ್ಲಿ ಇಲ್ಲ. ಕೇಳಿದವರಿಗೆ ಅದನ್ನು ಹೇಳುವ ಕೆಲಸ ಯಾವಾಗಲೂ ನನ್ನದು. ಅವ್ವ ಕಲ್ಲಿನ ಮೇಲೆ ಕೈಯಿಟ್ಟು, ಮಲಗಿದವರನ್ನು ಎಬ್ಬಿಸುವ ದನಿಯಲ್ಲಿ, "ದೇವದಾನಾ" ಎಂದಳು. ನಂತರ, "ಕ್ರಿಸ್ತ ಎದ್ದಾನ" ಎಂದಳು. "ಖರೇನ ಎದ್ದಾನ" ಎಂದೆ ನಾನು.

ಸಲಿಕೆಯವರಿಗೆ ಅವ್ವ, "ಹೋಗ್ರಪ್ಪಾ, ಒಕ್ಕಲತನಾ ನೋಡ್ರಿ" ಎಂದಳು. ಬಸವಣ್ಣೆಪ್ಪ ಉಸಿರು ಬಿಟ್ಟದ್ದು ನನಗೆ ಕೇಳಿಸಿತು. ನನಗಂತೂ ಹೋದ ಜೀವ ಬಂದಂತಾಯಿತು. ಅವನ ಮನೆಯಲ್ಲಿ ಹೋಳಿಗೆ ಉಂಡೆವು. ಅದು ಅವರ ಹುಣ್ಣಿಮೆಯದು, ನಮ್ಮ ಈಸ್ಟರಿನದು, ತುಪ್ಪ ಮಾತ್ರ ಒಂದೇ ಗಿಂಡಿಯಿಂದ ಬಂತು.

ಮಧ್ಯಾಹ್ನ ಹಿರೇಕೆರೂರಿನ ಬಸ್ಸು ಸಿಕ್ಕಿತು. ಅಲ್ಲಿ ರಾತ್ರಿ ಉಳಿದು, ಸೋಮವಾರ ಹಾವೇರಿಯ ಮೇಲೆ ಹೊರಟೆವು. ಹಾವೇರಿಯಿಂದ ಹುಬ್ಬಳ್ಳಿಗೆ ನೆಟ್ಟಗೆ ಬಸ್ಸುಗಳಿದ್ದವು. ಅವ್ವ ಒಪ್ಪಲಿಲ್ಲ, ಸವಣೂರಿಗೆ ಹೋಗಲೇಬೇಕು ಎಂದಳು. ಸುತ್ತಿನ ದಾರಿ, ಮೇಲೆ ಸುಡುವ ಬಿಸಿಲು, ಗೊಣಗುತ್ತ ಹೋದೆ.

ಹುಸೇನಸಾಬರು ತೋಟದ ಬಾಗಿಲಲ್ಲೇ ಕುಳಿತಿದ್ದರು. ನಾವು ಹೋದಂದಿನಿಂದ ಸರಿಯಾಗಿ ಉಂಡಿಲ್ಲವೆಂದು ಸೊಸೆ ನನ್ನ ಕಿವಿಯಲ್ಲಿ ಹೇಳಿದಳು. ಅವರು ಕೋಲು ಹಿಡಿದು ಎದ್ದು ನಿಂತು, "ಏನರ ತಪ್ಪ ಮಾಡಿದ್ನೇನ್ರಿ, ಬಾಯಾರ?" ಎಂದರು.

"ಇಲ್ಲ ಅಣ್ಣಾರ. ಬರೋಬ್ಬರಿ ಮಲಗಿಸೀರಿ. ಅವರು ಯಾವಾಗಲೂ ಹಂಗ ಮಲಗತಿದ್ರು."

ಮುದುಕರು ಕುಳಿತುಬಿಟ್ಟರು. ಕಣ್ಣೊರೆಸಿಕೊಂಡು, ಇನ್ನೊಂದು ಮಾತು ಉಳಿದಿದೆ ಎಂಬಂತೆ ತಲೆಯೆತ್ತಿದರು. "ಅವತ್ತ ನಿಮ್ಮ ಪ್ರಾರ್ಥನಿ ನನಗ ಬರ್ತಿದ್ದಿಲ್ರಿ. ನಮ್ಮದ ಹೇಳಿದ್ನಿ. ನಡೀತೇತೇನ್ರಿ?"

ಅವ್ವ ಅವರ ಪಕ್ಕದ ಕಟ್ಟೆಯ ಮೇಲೆ ಕುಳಿತಳು. "ಇಷ್ಟ ವರ್ಷ ಅವರನ್ನ ಕಾಯ್ದಿದ್ದು ಅದ ಒಂದ ಪ್ರಾರ್ಥನಿ, ಅಣ್ಣಾರ" ಎಂದಳು. "ಇನ್ನೊಮ್ಮೆ ಹೇಳ್ರಿ, ನಾನೂ ಕೇಳ್ತೇನಿ."